ಒಂದು ಲ್ಯಾಬ್, ಐದು ಥರದ ಪ್ರೊಸೆಸರ್: ಮಾರ್ಚ್=ನೇಟಿವ್ ಬಿಡಿಸಿ ನೋಡುವುದು ಹೇಗೆ?

ಶಿರಾ_ಗೇಟ್

ತುಮಕೂರಿನ ಒಂದು ಕಾಲೇಜಿನ ಲ್ಯಾಬ್. ಒಟ್ಟು 31 ಮೆಷಿನ್. ಪೆಂಟಿಯಂ ಜಿ4400 ಹತ್ತು, ಕೋರ್ ಐ3-2120 ನಾಲ್ಕು, ಐ3-4130 ಆರು, ಐ5-12400 ಹತ್ತು, ಸ್ಟಾಫ್ ರೂಮಿನಲ್ಲಿ ರೈಜೆನ್ 5 5600ಜಿ ಒಂದು. ಎಲ್ಲದರಲ್ಲೂ ಉಬುಂಟು 22.04, ಕಂಪೈಲರ್ ಜಿಸಿಸಿ 11. ಬೈನರಿಗಳು (ಕಂಪೈಲ್ ಆದ ಪ್ರೋಗ್ರಾಂಗಳು) ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಒಂದೇ ಎನ್‌ಎಫ್‌ಎಸ್ ಶೇರ್‌ನಲ್ಲಿವೆ, ಎಲ್ಲ ಮೆಷಿನ್‌ಗಳೂ ಅಲ್ಲಿಂದಲೇ ಓಡಿಸುತ್ತವೆ.

ಪ್ರೋಗ್ರಾಂ ಸಿ++ನದ್ದು. ಕೊಳವೆಬಾವಿಗಳ ನೀರಿನ ಮಟ್ಟವನ್ನು ತಾಲ್ಲೂಕುವಾರು ಲೆಕ್ಕ ಹಾಕುತ್ತೆ, ಮ್ಯಾಟ್ರಿಕ್ಸ್ ಲೆಕ್ಕದ ಐಗೆನ್ ಲೈಬ್ರರಿ ಬಳಸುತ್ತೆ. ಐ5-12400ರಲ್ಲಿ ‘-ಓ2 -ಮಾರ್ಚ್=ನೇಟಿವ್’ ಹಾಕಿ ಕಂಪೈಲ್ ಮಾಡಿದ್ದು (‘ನೇಟಿವ್’ ಅಂದರೆ ಕಂಪೈಲ್ ಮಾಡುವ ಮೆಷಿನ್‌ನ ಪ್ರೊಸೆಸರ್‌ಗೇ ತಕ್ಕ ಕೋಡ್ ಬರೆ ಅಂತ). ಜಿ4400ರಲ್ಲಿ ಓಡಿಸಿದ ತಕ್ಷಣ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಬಂದು ಸಾಯುತ್ತೆ. ಜಿ4400 ಸ್ಕೈಲೇಕ್ ತಾನೇ ಅಂತ ‘-ಮಾರ್ಚ್=ಸ್ಕೈಲೇಕ್’ ಹಾಕಿ ಮತ್ತೆ ಕಂಪೈಲ್ ಮಾಡಿದರೂ ಅದೇ ಎರರ್.

ಓಪನ್ ಸೋರ್ಸ್‌ನಲ್ಲಿ ‘ರೆಸಾಲ್ವ್-ಮಾರ್ಚ್-ನೇಟಿವ್’ ಅಂತ ಒಂದು, ‘ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್’ ಅಂತ ಇನ್ನೊಂದು ಪುಟ್ಟ ಟೂಲ್ ಇವೆ. ನಮ್ಮ ಕೆಲಸಕ್ಕೆ ಯಾವುದು ಸರಿ? 31ಕ್ಕೂ ಒಪ್ಪುವ ಫ್ಲ್ಯಾಗ್ ಹುಡುಕುವ ಖಾತ್ರಿ ದಾರಿ ಬೇಕು.

ಕ್ಯಾತ್ಸಂದ್ರ

ಸರ್, ಎಡವಿರುವುದು ಹೆಸರಿನ ಹತ್ತಿರ. ಜಿ4400 ಸ್ಕೈಲೇಕ್ ಮನೆತನದ್ದೇ, ಅನುಮಾನ ಬೇಡ. ಆದರೆ ಆ ಮನೆತನದ ಪೆಂಟಿಯಂ, ಸೆಲೆರಾನ್‌ಗಳಿಗೆ ಎವಿಎಕ್ಸ್, ಎವಿಎಕ್ಸ್2, ಎಫ್‌ಎಂಎ, ಬಿಎಂಐ ಅನ್ನುವ ಹೆಚ್ಚುವರಿ ಇನ್‌ಸ್ಟ್ರಕ್ಷನ್ ಗುಂಪುಗಳಲ್ಲಿ ಯಾವುದನ್ನೂ ಇಂಟೆಲ್ ಕೊಟ್ಟಿಲ್ಲ. ಜಿಸಿಸಿಗೆ ‘ಸ್ಕೈಲೇಕ್’ ಅಂದರೆ ಇವೆಲ್ಲ ಇರುವ ಪೂರ್ತಿ ಸ್ಕೈಲೇಕ್. ಹೆಸರು ಕೊಟ್ಟಿರಿ, ಅದು ನಂಬಿ ಎವಿಎಕ್ಸ್ ಕೋಡ್ ಬರೆಯಿತು.

ಜಿ4400ರ ಮೇಲೆಯೇ ಕೂತು ‘ನೇಟಿವ್’ ಕೊಟ್ಟರೆ ತೊಂದರೆ ಆಗಲ್ಲ. ಅಲ್ಲಿ ಜಿಸಿಸಿ ಪ್ರೊಸೆಸರನ್ನೇ ಕೇಳಿ, ‘-ಮಾರ್ಚ್=ಸ್ಕೈಲೇಕ್’ ಅಂತ ಬರೆದು, ಅದರ ಬೆನ್ನಿಗೇ ‘-ಎಂನೋ-ಎವಿಎಕ್ಸ್ -ಎಂನೋ-ಎವಿಎಕ್ಸ್2 -ಎಂನೋ-ಬಿಎಂಐ2’ ಅಂತ ಕಳೆಯುತ್ತಾ ಹೋಗುತ್ತೆ. ಜನ ಆ ಸಾಲಿನ ಮೊದಲ ಪದ ಮಾತ್ರ ನಕಲು ಮಾಡಿಕೊಂಡು ಹಿಂದಿನ ‘ಎಂನೋ’ಗಳನ್ನು ಕಸ ಅಂದುಕೊಂಡು ಬಿಡುತ್ತಾರೆ. ಜಿ4400ರಂಥ ಚಿಪ್‌ಗೆ ಆ ‘ಎಂನೋ’ಗಳೇ ಪ್ರಾಣ. ಯಾವ ಟೂಲ್ ಬಳಸಿದರೂ ಅದರ ಔಟ್‌ಪುಟ್‌ನಲ್ಲಿ ಅವು ಉಳಿದಿವೆಯಾ ಅಂತ ಕಣ್ಣಲ್ಲಿ ನೋಡಿ.

ದೇವರಾಯನದುರ್ಗ

ಎರಡು ಟೂಲ್‌ಗಳ ಕೆಲಸ ಬೇರೆ ಬೇರೆ.

ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್ ಜೆಂಟೂ ಲಿನಕ್ಸ್‌ನವರದ್ದು. ಪ್ರೊಸೆಸರ್‌ಗೆ ಸಿಪಿಯುಐಡಿ ಪ್ರಶ್ನೆ ಹಾಕಿ ‘ಸಿಪಿಯು_ಫ್ಲ್ಯಾಗ್ಸ್_ಎಕ್ಸ್86’ ಅಂತ ಒಂದು ಸಾಲು ಕೊಡುತ್ತೆ. ಆ ಸಾಲು ಯಾವ ಪ್ಯಾಕೇಜಿನಲ್ಲಿ ಯಾವ ಕೈಬರಹದ ಅಸೆಂಬ್ಲಿ ಸೇರಿಸಬೇಕು ಅಂತ ಜೆಂಟೂನ ಪ್ಯಾಕೇಜ್ ಮ್ಯಾನೇಜರ್ ಪೋರ್ಟೇಜ್‌ಗೆ ತಿಳಿಸುವುದಕ್ಕೆ ಇರುವುದು, ಜಿಸಿಸಿಗೆ ಕೊಡುವುದಕ್ಕಲ್ಲ. ಹೆಸರುಗಳೂ ಹೊಂದುವುದಿಲ್ಲ. ಅದು ‘ಎಫ್‌ಎಂಎ3’ ಅನ್ನುತ್ತೆ, ಜಿಸಿಸಿಯ ಫ್ಲ್ಯಾಗ್ ‘-ಎಂಎಫ್‌ಎಂಎ’.

ರೆಸಾಲ್ವ್-ಮಾರ್ಚ್-ನೇಟಿವ್ ಪೈಥಾನ್‌ನಲ್ಲಿ ಬರೆದದ್ದು. ಅದು ಪ್ರೊಸೆಸರನ್ನು ತಾನೇ ಪರೀಕ್ಷಿಸುವುದಿಲ್ಲ, ಜಿಸಿಸಿಯನ್ನೇ ಓಡಿಸಿ ‘ನೇಟಿವ್’ ಅಂದರೆ ಏನಾಯಿತು ಅಂತ ಕೇಳಿ, ಮಾರ್ಚ್ ಹೆಸರಿನಲ್ಲೇ ಅಡಗಿರುವ ಫ್ಲ್ಯಾಗ್‌ಗಳನ್ನು ತೆಗೆದು ಚಿಕ್ಕದು ಮಾಡಿ ಕೊಡುತ್ತೆ. ಜಿಸಿಸಿ ಬದಲಾದರೆ ಉತ್ತರವೂ ಬದಲಾಗುತ್ತೆ, ಹಾಗಾಗಿ ಕಂಪೈಲ್ ಮಾಡುವ ಜಿಸಿಸಿಯನ್ನೇ ಅದಕ್ಕೂ ತೋರಿಸಿ.

ಟೂಲ್ ಇಲ್ಲದೆಯೂ ಎರಡು ಕಮಾಂಡ್‌ನಲ್ಲಿ ಇದೇ ಕೆಲಸ ಆಗುತ್ತೆ. ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಹೊಡೆಯಿರಿ. ‘-ಇ’ ಮತ್ತು ‘-ಕ್ಯೂ’ ದೊಡ್ಡಕ್ಷರ, ‘-ವಿ’ ಸಣ್ಣಕ್ಷರ.

`ಜಿಸಿಸಿ -ಮಾರ್ಚ್=ನೇಟಿವ್ -ಇ -ವಿ - < /ಡೆವ್/ನಲ್ 2>&1 | ಗ್ರೆಪ್ ಸಿಸಿ1`

‘ನೇಟಿವ್’ ಅನ್ನುವ ಪದ ಜಿಸಿಸಿಯ ಹೊರಗಿನ ಡ್ರೈವರ್‌ನಲ್ಲೇ ಕರಗಿಹೋಗುತ್ತೆ. ಒಳಗಿನ ನಿಜವಾದ ಕಂಪೈಲರ್ ಆದ ಸಿಸಿ1ಗೆ ಬಿಡಿಸಿದ ಪಟ್ಟಿಯೇ ಸಿಗುವುದು. ಮೇಲಿನ ಕಮಾಂಡ್ ತೋರಿಸುವುದು ಆ ಪಟ್ಟಿಯನ್ನು. ಕೊನೆಯಲ್ಲಿ ‘--ಪ್ಯಾರಮ್’ ಅಂತ ಎಲ್1, ಎಲ್2 ಕ್ಯಾಶ್ ಅಳತೆಗಳೂ ಬರುತ್ತವೆ.

ಎರಡನೆಯದು ಹೋಲಿಕೆಗೆ:

`ಜಿಸಿಸಿ -ಮಾರ್ಚ್=ನೇಟಿವ್ -ಕ್ಯೂ --ಹೆಲ್ಪ್=ಟಾರ್ಗೆಟ್ > ಎ.ಟಿಎಕ್ಸ್‌ಟಿ`
`ಜಿಸಿಸಿ -ಮಾರ್ಚ್=ಸ್ಕೈಲೇಕ್ -ಕ್ಯೂ --ಹೆಲ್ಪ್=ಟಾರ್ಗೆಟ್ > ಬಿ.ಟಿಎಕ್ಸ್‌ಟಿ`
`ಡಿಫ್ ಎ.ಟಿಎಕ್ಸ್‌ಟಿ ಬಿ.ಟಿಎಕ್ಸ್‌ಟಿ`

ಜಿ4400ರಲ್ಲಿ ಇದನ್ನು ಓಡಿಸಿದರೆ ಹೆಸರಿಗೂ ಚಿಪ್‌ಗೂ ಎಲ್ಲಿ ವ್ಯತ್ಯಾಸ ಅಂತ ಸಾಲುಸಾಲಾಗಿ ಕಾಣುತ್ತೆ.

ಮಧುಗಿರಿ_ಬೆಟ್ಟ

31 ಮೆಷಿನ್‌ಗೂ ಒಪ್ಪುವುದು ಬೇಕಾದರೆ ಒಂದರ ನೇಟಿವ್ ಬಿಡಿಸಿ ಪ್ರಯೋಜನ ಇಲ್ಲ, ಎಲ್ಲದರಲ್ಲೂ ಇರುವುದನ್ನು ಸೋಸಬೇಕು. ಪ್ರತಿ ಮೆಷಿನ್‌ನಲ್ಲೂ ಇದನ್ನು ಓಡಿಸಿ:

`ಗ್ರೆಪ್ -ಎಂ1 '^ಫ್ಲ್ಯಾಗ್ಸ್' /ಪ್ರೊಕ್/ಸಿಪಿಯುಇನ್ಫೋ | ಕಟ್ -ಡಿ: -ಎಫ್2 | ಟಿಆರ್ ' ' '\ಎನ್' | ಸಾರ್ಟ್ -ಯು > $(ಹೋಸ್ಟ್‌ನೇಮ್).ಟಿಎಕ್ಸ್‌ಟಿ`

ಸಾಲಿನ ಆರಂಭದ ‘^’ ಬಿಡಬೇಡಿ, ಇಂಟೆಲ್‌ನಲ್ಲಿ ‘ವಿಎಂಎಕ್ಸ್ ಫ್ಲ್ಯಾಗ್ಸ್’ ಅಂತ ಬೇರೆ ಸಾಲೂ ಇರುತ್ತೆ. ಆಮೇಲೆ ಎಲ್ಲ ಫೈಲ್ ಒಂದು ಕಡೆ ಹಾಕಿ `ಸಾರ್ಟ್ *.ಟಿಎಕ್ಸ್‌ಟಿ | ಯುನಿಕ್ -ಸಿ`. ಎಡಗಡೆ ಬರುವ ಅಂಕಿ ಅಂದರೆ ಎಷ್ಟು ಮೆಷಿನ್‌ನಲ್ಲಿ ಅದು ಇದೆ ಅಂತ. ನಿಮ್ಮ ಲೆಕ್ಕದಲ್ಲಿ ಹೀಗೆ ಬರಬೇಕು: ಎಸ್‌ಎಸ್‌ಇ4_2 ಮತ್ತು ಪಾಪ್‌ಕೌಂಟ್ 31, ಎವಿಎಕ್ಸ್ 21, ಎವಿಎಕ್ಸ್2 17, ಬಿಎಂಐ2 17, ಎಫ್‌ಎಂಎ 17. ಎವಿಎಕ್ಸ್‌ಗೆ 21 ಯಾಕೆಂದರೆ ಐ3-2120 ಸ್ಯಾಂಡಿಬ್ರಿಡ್ಜ್. ಅದರಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಇಲ್ಲಿ 2011ರ ಚಿಪ್ 2015ರ ಚಿಪ್‌ಗಿಂತ ಒಂದು ಹೆಜ್ಜೆ ಮುಂದಿದೆ. ಹೊಸದು ಅಂದಮಾತ್ರಕ್ಕೆ ಎಲ್ಲ ಇರುತ್ತೆ ಅಂದುಕೊಳ್ಳಬಾರದು.

ಹೆಸರಿನ ಗೊಂದಲ ಎರಡು: ಕರ್ನಲ್ ಎಸ್‌ಎಸ್‌ಇ3ನ್ನು ‘ಪಿಎನ್‌ಐ’ ಅಂತ ಬರೆಯುತ್ತೆ, ಎಲ್‌ಜೆಡ್‌ಕೌಂಟನ್ನು ‘ಎಬಿಎಂ’ ಅಂತ. ಗ್ರೆಪ್ ಮಾಡಿ ಸಿಗಲಿಲ್ಲ ಅಂತ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ.

ಶಿರಾ_ಗೇಟ್

ಅಂಕಿ ನೀವು ಹೇಳಿದ ಹಾಗೇ ಬಂತು: 31, 21, 17. ಅಂದರೆ 14 ಮೆಷಿನ್ ಒಂದು ಕಡೆ, 17 ಇನ್ನೊಂದು ಕಡೆ. ಇಷ್ಟುದ್ದ ಫ್ಲ್ಯಾಗ್ ಪಟ್ಟಿ ಮೇಕ್‌ಫೈಲ್‌ನಲ್ಲಿ ಇಟ್ಟುಕೊಳ್ಳಬೇಕಾ?

ದೇವರಾಯನದುರ್ಗ

ಬೇಕಿಲ್ಲ. ಇದಕ್ಕೆಂದೇ ಮಟ್ಟಗಳಿವೆ. 2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್, ಸುಸೆ ಸೇರಿ ಎಕ್ಸ್86-64-ವಿ2, ವಿ3, ವಿ4 ಅಂತ ಗೊತ್ತುಮಾಡಿದರು. ಜಿಸಿಸಿ 11ರಿಂದ, ಕ್ಲ್ಯಾಂಗ್ 12ರಿಂದ ಇವನ್ನು ನೇರವಾಗಿ ‘-ಮಾರ್ಚ್=’ಗೆ ಕೊಡಬಹುದು. ವಿ2 ಅಂದರೆ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್‌ವರೆಗೆ. ವಿ3ಗೆ ಎವಿಎಕ್ಸ್, ಎವಿಎಕ್ಸ್2, ಬಿಎಂಐ1, ಬಿಎಂಐ2, ಎಫ್16ಸಿ, ಎಫ್‌ಎಂಎ, ಎಲ್‌ಜೆಡ್‌ಕೌಂಟ್, ಮೂವ್‌ಬಿಇ ಸೇರುತ್ತವೆ. ವಿ4 ಎವಿಎಕ್ಸ್-512ರದ್ದು, ನಿಮ್ಮಲ್ಲಿ ಯಾವುದಕ್ಕೂ ಬರಲ್ಲ.

ಜಿ4400, 2120 ಎರಡೂ ವಿ2. ಉಳಿದ 17 ವಿ3. ಎರಡು ಬೈನರಿ ಸಾಕು.

ಯಾವ ಮೆಷಿನ್ ಯಾವ ಮಟ್ಟ ಅಂತ ಲಿನಕ್ಸ್‌ನ ಮೂಲ ಸಿ ಲೈಬ್ರರಿ ಜಿಲಿಬ್‌ಸಿ ತಾನೇ ಹೇಳುತ್ತೆ, 2.33ನೇ ಆವೃತ್ತಿಯಿಂದ. ಉಬುಂಟು 22.04ರಲ್ಲಿ 2.35 ಇದೆ, ಹಾಗಾಗಿ ಸರಿಹೋಗುತ್ತೆ:

`/ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಒ.2 --ಹೆಲ್ಪ್`

ಕೊನೆಯಲ್ಲಿ ಮಟ್ಟಗಳ ಪಟ್ಟಿ ಇರುತ್ತೆ, ಇರುವುದರ ಮುಂದೆ ‘ಸಪೋರ್ಟೆಡ್’ ಅಂತ ಬರೆದಿರುತ್ತೆ. ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಇದನ್ನು ಗ್ರೆಪ್ ಮಾಡಿ, ವಿ3 ಸಪೋರ್ಟೆಡ್ ಇದ್ದರೆ ವಿ3 ಫೋಲ್ಡರಿನ ಬೈನರಿಯನ್ನು, ಇಲ್ಲದಿದ್ದರೆ ವಿ2 ಬೈನರಿಯನ್ನು ‘ಎಕ್ಸೆಕ್’ ಮಾಡಲಿ. ಶೇರ್ಡ್ ಲೈಬ್ರರಿ ಆದರೆ ಸ್ಕ್ರಿಪ್ಟೂ ಬೇಡ. ಲೈಬ್ರರಿ ಫೋಲ್ಡರಿನೊಳಗೆ ‘ಜಿಲಿಬ್‌ಸಿ-ಎಚ್‌ಡಬ್ಲ್ಯುಕ್ಯಾಪ್ಸ್/ಎಕ್ಸ್86-64-ವಿ3’ ಅಂತ ಫೋಲ್ಡರ್ ಮಾಡಿ ವಿ3 ಕಾಪಿ ಅಲ್ಲಿಟ್ಟರೆ ಲೋಡರ್ ತಾನೇ ಆರಿಸಿಕೊಳ್ಳುತ್ತೆ.

ಒಂದು ಎಚ್ಚರಿಕೆ. ಲ್ಯಾಬ್‌ನಲ್ಲಿ ‘ಕ್ರ್ಯಾಶ್ ಆಗಲಿಲ್ಲ, ಹಾಗಾದರೆ ಸರಿ ಇದೆ’ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ಎಲ್‌ಜೆಡ್‌ಕೌಂಟ್ ಇನ್‌ಸ್ಟ್ರಕ್ಷನ್ ಇಲ್ಲದ ಹಳೇ ಇಂಟೆಲ್‌ನಲ್ಲಿ, ನಿಮ್ಮ 2120ರಲ್ಲೇ, ಅದೇ ಬೈಟ್‌ಗಳನ್ನು ಪ್ರೊಸೆಸರ್ ಬಿಎಸ್‌ಆರ್ (ಎಲ್ಲಕ್ಕಿಂತ ಮೇಲಿನ 1 ಎಷ್ಟನೇ ಜಾಗದಲ್ಲಿದೆ ಅಂತ ಹೇಳುವ ಇನ್‌ಸ್ಟ್ರಕ್ಷನ್) ಅಂತ ಓದಿಕೊಳ್ಳುತ್ತೆ. ಎದುರಿಗಿರುವ ಪ್ರಿಫಿಕ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಬರುವುದೇ ಇಲ್ಲ, ಉತ್ತರ ತಪ್ಪು ಬರುತ್ತೆ. 32 ಬಿಟ್‌ನಲ್ಲಿ 8 ಅನ್ನುವ ಸಂಖ್ಯೆಯ ಎಡಗಡೆ ಎಷ್ಟು ಸೊನ್ನೆ ಅಂತ ಕೇಳಿದರೆ ಎಲ್‌ಜೆಡ್‌ಕೌಂಟ್ 28 ಅನ್ನಬೇಕು. ಬಿಎಸ್‌ಆರ್ 3 ಅನ್ನುತ್ತೆ. ಎವಿಎಕ್ಸ್2 ತಪ್ಪಿದರೆ ಪ್ರೋಗ್ರಾಂ ನಿಂತು ಹೇಳುತ್ತೆ. ಇದು ತಪ್ಪಿದರೆ ಸುಮ್ಮನೆ ತಪ್ಪು ಲೆಕ್ಕ ಹಾಕಿ ಮುಂದೆ ಹೋಗುತ್ತೆ.

ತಿಪಟೂರು_ಹಾಸನ_ರೋಡ್

ದೇವರಾಯನದುರ್ಗ ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ವಿ2, ವಿ3 ಎರಡು ಬೈನರಿ ಮಾಡಿದ ಮೇಲೆ ಎರಡರ ಉತ್ತರವನ್ನೂ ಡಿಫ್ ಮಾಡಿ ನೋಡುತ್ತೀರಿ, ಕೊನೆಯ ಅಂಕಿಗಳಲ್ಲಿ ವ್ಯತ್ಯಾಸ ಕಂಡರೆ ಗಾಬರಿಯಾಗುತ್ತೆ. ಅದಕ್ಕೆ ಕಾರಣ ಎಫ್‌ಎಂಎ. ಗುಣಿಸಿ ಒಂದು ಸಲ ದುಂಡಾಗಿಸಿ, ಕೂಡಿಸಿ ಇನ್ನೊಂದು ಸಲ ದುಂಡಾಗಿಸುವುದು ವಿ2. ಎಫ್‌ಎಂಎ ಎರಡನ್ನೂ ಒಟ್ಟಿಗೆ ಮಾಡಿ ಒಂದೇ ಸಲ ದುಂಡಾಗಿಸುತ್ತೆ. ಜಿಸಿಸಿಯಲ್ಲಿ ಇದಕ್ಕೆ ಅಪ್ಪಣೆ ಮೊದಲಿನಿಂದಲೇ ಇದೆ, ‘-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಫಾಸ್ಟ್’ ಅನ್ನುವುದೇ ಡಿಫಾಲ್ಟ್. ವಿದ್ಯಾರ್ಥಿಗಳ ಉತ್ತರ ಯಾವ ಮೆಷಿನ್‌ನಲ್ಲಿ ಕೂತರೂ ಒಂದೇ ಬರಬೇಕು ಅಂದರೆ ಎರಡೂ ಬಿಲ್ಡ್‌ಗೆ ‘-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್’ ಹಾಕಿ. ಐಗೆನ್ ಒಳಗೆ ಎಫ್‌ಎಂಎ ಇನ್‌ಟ್ರಿನ್ಸಿಕ್‌ಗಳನ್ನು (ಇಂಥದೇ ಇನ್‌ಸ್ಟ್ರಕ್ಷನ್ ಬೇಕು ಅಂತ ಕೋಡಿನಲ್ಲೇ ಬರೆಯುವ ಫಂಕ್ಷನ್) ನೇರವಾಗಿ ಕರೆಯುವ ಜಾಗಗಳಿಗೆ ಈ ಫ್ಲ್ಯಾಗ್ ಹತ್ತುವುದಿಲ್ಲ. ಮೇಲಾಗಿ ಎವಿಎಕ್ಸ್‌ನಲ್ಲಿ ಒಂದೇ ಸಲಕ್ಕೆ ಹೆಚ್ಚು ಸಂಖ್ಯೆ ಹಿಡಿಯುವುದರಿಂದ ಮೊತ್ತ ಹಾಕುವ ಕ್ರಮವೂ ಬದಲಾಗುತ್ತೆ. ಹಾಗಾಗಿ ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಚೂರು ವ್ಯತ್ಯಾಸ ಉಳಿದೇ ಉಳಿಯುತ್ತೆ. ಉತ್ತರ ತಾಳೆ ನೋಡುವ ಸ್ಕ್ರಿಪ್ಟ್‌ನಲ್ಲಿ ಡಿಫ್ ಬದಲು ಒಂದು ಸಣ್ಣ ಸಹನೆಯ ಮಿತಿ ಇಟ್ಟುಕೊಳ್ಳುವುದೇ ಸರಿ.

ಐಗೆನ್‌ದೇ ಇನ್ನೊಂದು ಇದೆ, ಇದು ಜಾಸ್ತಿ ಕಾಡುತ್ತೆ. ಎವಿಎಕ್ಸ್ ಇದ್ದರೆ ಐಗೆನ್ ಡೇಟಾವನ್ನು 32 ಬೈಟ್ ಗಡಿಗೆ ಕೂರಿಸುತ್ತೆ, ಇಲ್ಲದಿದ್ದರೆ 16ಕ್ಕೆ. ನಿಮ್ಮ ಲೈಬ್ರರಿ ವಿ3, ಅದನ್ನು ಕರೆಯುವ ಪ್ರೋಗ್ರಾಂ ವಿ2 ಆದರೆ ವಿ3 ಇರುವ ಮೆಷಿನ್‌ನಲ್ಲೂ ಕ್ರ್ಯಾಶ್. ಒಂದು ಕಡೆ ಒಂದು ರೀತಿ ಮೆಮೊರಿ ತೆಗೆದುಕೊಂಡು ಇನ್ನೊಂದು ಕಡೆ ಬೇರೆ ರೀತಿ ಬಿಡುಗಡೆ ಮಾಡಲು ಹೋಗಿ ‘ಫ್ರೀ: ಇನ್‌ವ್ಯಾಲಿಡ್ ಪಾಯಿಂಟರ್’ ಅನ್ನುತ್ತೆ. ಎರರ್ ನೋಡಿದರೆ ಪ್ರೊಸೆಸರ್ ಫ್ಲ್ಯಾಗ್‌ಗೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯುವುದೇ ಇಲ್ಲ. ಹಾಗಾಗಿ ದೇವರಾಯನದುರ್ಗ ಅವರು ಹೇಳಿದ ಎಚ್‌ಡಬ್ಲ್ಯುಕ್ಯಾಪ್ಸ್ ಫೋಲ್ಡರ್ ದಾರಿ ಐಗೆನ್ ಬಳಸುವ ನಿಮ್ಮ ಲೈಬ್ರರಿಗೆ ಬೇಡ. ಪ್ರೋಗ್ರಾಂ, ಲೈಬ್ರರಿ ಎರಡನ್ನೂ ಜೋಡಿಯಾಗಿ ವಿ2, ಜೋಡಿಯಾಗಿ ವಿ3 ಮಾಡಿ.

ಮೇಕ್ ಬಳಸುವವರು ಫ್ಲ್ಯಾಗ್ ಬದಲಿಸಿದ ಮೇಲೆ ‘ಮೇಕ್ ಕ್ಲೀನ್’ ಮರೆಯಬಾರದು. ಕೈಯಲ್ಲಿ ಬರೆದ ಮೇಕ್‌ಫೈಲ್‌ಗೆ ಫ್ಲ್ಯಾಗ್ ಬದಲಾದದ್ದು ತಿಳಿಯುವುದಿಲ್ಲ, ಹಳೇ ಆಬ್ಜೆಕ್ಟ್ ಫೈಲ್‌ಗಳನ್ನೇ ಲಿಂಕ್ ಮಾಡಿಬಿಡುತ್ತೆ.

ದೇವರಾಯನದುರ್ಗ

ಒಪ್ಪಿದೆ, ಐಗೆನ್ ವಿಷಯದಲ್ಲಿ ಅದೇ ಸರಿ. ಎಚ್‌ಡಬ್ಲ್ಯುಕ್ಯಾಪ್ಸ್ ದಾರಿ ಸಿ ಇಂಟರ್‌ಫೇಸ್ ಇರುವ ಲೈಬ್ರರಿಗೆ ಮಾತ್ರ ಅಂತ ತಿದ್ದಿಕೊಳ್ಳಿ.

ಶಿಡ್ಲಘಟ್ಟ_ಪೈ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ರೇಷ್ಮೆ ಹುಳು ಸಾಕುವ ಮನೆಯ ಉಷ್ಣಾಂಶ, ತೇವಾಂಶ ದಾಖಲಿಸುವುದಕ್ಕೆ ರಾಸ್ಪ್‌ಬೆರಿ ಪೈ 4 ಇದೆ. ಪೈ 5ರಲ್ಲಿ ಕಂಪೈಲ್ ಮಾಡಿ ಪೈ 4ಕ್ಕೆ ಹಾಕಬೇಕು. ಅಲ್ಲಿ ‘-ಮಾರ್ಚ್’ ಬಳಸಬೇಕಾ, ‘-ಎಂಸಿಪಿಯು’ ಬಳಸಬೇಕಾ?

ಕ್ಯಾತ್ಸಂದ್ರ

ಆರ್ಮ್‌ನಲ್ಲಿ ‘-ಎಂಸಿಪಿಯು’. ಅದು ಇನ್‌ಸ್ಟ್ರಕ್ಷನ್‌ಗಳನ್ನೂ ಟ್ಯೂನಿಂಗನ್ನೂ ಒಟ್ಟಿಗೆ ಗೊತ್ತುಮಾಡುತ್ತೆ. ಎಕ್ಸ್86ರಲ್ಲಿ ಆ ಕೆಲಸ ‘-ಮಾರ್ಚ್’ನದ್ದು, ಅಲ್ಲಿ ‘-ಎಂಸಿಪಿಯು’ ಅನ್ನುವುದು ‘-ಎಂಟ್ಯೂನ್’ನ ಹಳೇ ಹೆಸರಷ್ಟೆ. ಒಂದರ ಅಭ್ಯಾಸ ಇನ್ನೊಂದಕ್ಕೆ ತಂದರೆ ತಪ್ಪುತ್ತೆ.

ಪೈ 5ರಲ್ಲಿ ಕಾರ್ಟೆಕ್ಸ್-ಎ76, ಪೈ 4ರಲ್ಲಿ ಎ72. ಪೈ 5ರಲ್ಲಿ ಎಇಎಸ್ ಮುಂತಾದ ಕ್ರಿಪ್ಟೋ ಇನ್‌ಸ್ಟ್ರಕ್ಷನ್ ಇವೆ, ಪೈ 4ರಲ್ಲಿ ಇಲ್ಲ. ಅಲ್ಲಿ ನೇಟಿವ್ ಹಾಕಿ ಇಲ್ಲಿಗೆ ತಂದರೆ ಓಡುತ್ತೆ ಅನ್ನುವ ಭರವಸೆ ಇಲ್ಲ. ‘-ಎಂಸಿಪಿಯು=ಕಾರ್ಟೆಕ್ಸ್-ಎ72’ ಅಂತ ಹೆಸರಿಟ್ಟೇ ಕೊಡಿ, ಕ್ರಿಪ್ಟೋ ಸೇರಿಸಬೇಡಿ. ಮೊದಲು ಎರಡೂ ಕಡೆ `ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್` ನೋಡಿ. ಒಂದು ಕಡೆ ‘ಆರ್ಮ್64’ ಇನ್ನೊಂದು ಕಡೆ ‘ಆರ್ಮ್‌ಎಚ್‌ಎಫ್’ ಬಂದರೆ ಫ್ಲ್ಯಾಗ್‌ಗಿಂತ ಮೊದಲು ಅದನ್ನು ಸರಿಮಾಡಬೇಕು. ಯಾವ ಬೋರ್ಡ್ ಅಂತ ಅನುಮಾನ ಬಂದರೆ ಸಿಪಿಯುಇನ್ಫೋದಲ್ಲಿ ‘ಸಿಪಿಯು ಪಾರ್ಟ್’ ಸಾಲು ನೋಡಿ. ಸೊನ್ನೆ-ಎಕ್ಸ್ ಆದಮೇಲೆ ‘ಡಿ08’ ಇದ್ದರೆ ಎ72, ‘ಡಿ0ಬಿ’ ಇದ್ದರೆ ಎ76.

ಮಧುಗಿರಿ_ಬೆಟ್ಟ

ಶಿರಾ_ಗೇಟ್ ಅವರೇ, ಮುಂದೆ 12ನೇ ಪೀಳಿಗೆಯ ಐ7 ಬಂದರೆ ಇದೂ ನೆನಪಿರಲಿ. ಐ5-12400ರಲ್ಲಿ ಒಂದೇ ಥರದ ಕೋರ್ ಇರುವುದರಿಂದ ಸಮಸ್ಯೆ ಇಲ್ಲ. ಐ7-12700ರಲ್ಲಿ ಎರಡು ಥರ. ದೊಡ್ಡ ಕೋರಿನ ಎಲ್1 ಡೇಟಾ ಕ್ಯಾಶ್ 48 ಕೆಬಿ, ಸಣ್ಣದರದ್ದು 32 ಕೆಬಿ. ಜಿಸಿಸಿ ಆ ಹೊತ್ತಿಗೆ ಯಾವ ಕೋರಿನ ಮೇಲೆ ಓಡಿತೋ ಅದರ ಅಳತೆಯನ್ನೇ ‘--ಪ್ಯಾರಮ್’ಗೆ ಬರೆಯುತ್ತೆ. `ಟಾಸ್ಕ್‌ಸೆಟ್ -ಸಿ 0` ಮತ್ತು `ಟಾಸ್ಕ್‌ಸೆಟ್ -ಸಿ 16` ಶುರುವಿನಲ್ಲಿ ಹಾಕಿ ಮೊದಲಿನ ಜಿಸಿಸಿ ಕಮಾಂಡ್ ಓಡಿಸಿ ನೋಡಿ, ಉತ್ತರ ಬೇರೆ ಬರುತ್ತೆ. ಇನ್‌ಸ್ಟ್ರಕ್ಷನ್‌ಗಳು ಒಂದೇ, ಹಾಗಾಗಿ ಕ್ರ್ಯಾಶ್ ಆಗಲ್ಲ. ಆದರೆ ಇವತ್ತಿನ ಬಿಲ್ಡ್‌ಗೂ ನಾಳೆಯ ಬಿಲ್ಡ್‌ಗೂ ಬೈಟ್ ಬೈಟ್ ತಾಳೆಯಾಗದೇ ಇರಬಹುದು.

ವರ್ಚುವಲ್ ಮೆಷಿನ್‌ನೊಳಗೆ ಕೂತು ನೇಟಿವ್ ಬಿಡಿಸಿದರೆ ಸಿಗುವುದು ಹೈಪರ್‌ವೈಸರ್ ತೋರಿಸಿದ ಪ್ರೊಸೆಸರ್. ಕ್ಯೂಇಎಂಯುನ ‘ಕ್ಯೂಇಎಂಯು64’ ಮಾದರಿಯಲ್ಲಿ ಎವಿಎಕ್ಸ್ ಕಾಣುವುದೇ ಇಲ್ಲ. ‘-ಸಿಪಿಯು ಹೋಸ್ಟ್’ ಕೊಟ್ಟರೆ ಕಾಣುತ್ತೆ.

ಡಿಸ್ಟ್‌ಸಿಸಿ ಇಟ್ಟು 31 ಮೆಷಿನ್‌ಗೂ ಕಂಪೈಲ್ ಹಂಚುವ ಯೋಚನೆ ಇದ್ದರೆ, ‘ನೇಟಿವ್’ ಕಂಡರೆ ಅದು ಕೆಲಸವನ್ನು ಹೊರಗೆ ಕಳಿಸುವುದೇ ಇಲ್ಲ. ವಿ2, ವಿ3 ಅಂತ ಬಿಡಿಸಿ ಕೊಟ್ಟರೆ ಹಂಚುತ್ತೆ.

ಶಿರಾ_ಗೇಟ್

ವೇಗದ ಬಗ್ಗೆ ಒಂದು ಮಾತು. ವಿ3 ಮಾಡಿದ್ದರಿಂದ ಐಗೆನ್ ಭಾಗ ಚುರುಕಾಯಿತು, ಆದರೆ ನಾವೇ ಬರೆದ ಲೂಪ್‌ಗಳಲ್ಲಿ ವ್ಯತ್ಯಾಸವೇ ಇಲ್ಲ. ಯಾಕೆ?

ದೇವರಾಯನದುರ್ಗ

ಜಿಸಿಸಿ 11ರಲ್ಲಿ ‘-ಓ2’ ತಾನಾಗಿ ಲೂಪ್‌ಗಳನ್ನು ವೆಕ್ಟರ್ (ಒಂದೇ ಸಲಕ್ಕೆ ಹಲವು ಸಂಖ್ಯೆ ಹಿಡಿಯುವ ಹಾಗೆ) ಮಾಡುವುದಿಲ್ಲ. 12ರಿಂದ ಮಾಡುತ್ತೆ, ಅದೂ ಬಲು ಜಿಪುಣತನದಲ್ಲಿ. ಐಗೆನ್ ಇನ್‌ಟ್ರಿನ್ಸಿಕ್ ಬಳಸುವುದರಿಂದ ಅದಕ್ಕೆ ಲಾಭ ಸಿಕ್ಕಿತು. ನಿಮ್ಮ ಲೂಪ್‌ಗಳಿಗೆ ‘-ಓ3’ ಅಥವಾ ‘-ಎಫ್‌ಟ್ರೀ-ವೆಕ್ಟರೈಸ್’ ಸೇರಿಸಿ, `ಪರ್ಫ್ ಸ್ಟ್ಯಾಟ್ -ಆರ್ 10` ಇಟ್ಟು ಹತ್ತು ಸಲ ಓಡಿಸಿ ಅಳೆಯಿರಿ. ಫೈಲ್ ಓದುವುದಕ್ಕೆ, ಡೇಟಾಬೇಸ್‌ಗೆ ಕಾಯುವ ಪ್ರೋಗ್ರಾಂಗಳಿಗೆ ಯಾವ ಮಾರ್ಚ್ ಕೊಟ್ಟರೂ ಏನೂ ಆಗಲ್ಲ. ಎಫ್‌ಎಫ್‌ಎಂಪೆಗ್, ಎಕ್ಸ್264 ಥರದವು ಓಡುವಾಗಲೇ ಪ್ರೊಸೆಸರ್ ನೋಡಿ ತಮ್ಮ ಅಸೆಂಬ್ಲಿ ಆರಿಸಿಕೊಳ್ಳುತ್ತವೆ, ಅವಕ್ಕೂ ಈ ಶ್ರಮ ದಂಡ.

ತಿಪಟೂರು_ಹಾಸನ_ರೋಡ್

ಲ್ಯಾಬ್‌ನಲ್ಲಿ ಮಕ್ಕಳು ಲಾಮಾ.ಸಿಪಿಪಿ (ಎಐ ಭಾಷಾ ಮಾದರಿ ಓಡಿಸುವ ಪ್ರೋಗ್ರಾಂ) ಕಂಪೈಲ್ ಮಾಡುತ್ತಾರೆ ಅಂದರೆ ಅದಕ್ಕೂ ಇದೇ ರೋಗ. ಅದರ ಸಿಮೇಕ್‌ನಲ್ಲಿ ‘ಜಿಜಿಎಂಎಲ್_ನೇಟಿವ್’ ಮೊದಲಿನಿಂದಲೇ ಆನ್ ಇರುತ್ತೆ. ಆಫ್ ಮಾಡಿದರೆ ಸಾಕು ಅಂದುಕೊಂಡರೆ ಜಿ4400ರಲ್ಲಿ ಮತ್ತೆ ಸಾಯುತ್ತೆ. ನೇಟಿವ್ ಆಫ್ ಆದಾಗ ಎವಿಎಕ್ಸ್, ಎವಿಎಕ್ಸ್2, ಎಫ್‌ಎಂಎ, ಎಫ್16ಸಿ, ಬಿಎಂಐ2 ಆಯ್ಕೆಗಳು ತಾವಾಗಿ ಆನ್ ಆಗುತ್ತವೆ. ಅವನ್ನು ಒಂದೊಂದಾಗಿ ಆಫ್ ಮಾಡಬೇಕು. ಇಲ್ಲದಿದ್ದರೆ ‘ಜಿಜಿಎಂಎಲ್_ಬ್ಯಾಕೆಂಡ್_ಡಿಎಲ್’, ‘ಜಿಜಿಎಂಎಲ್_ಸಿಪಿಯು_ಆಲ್_ವೇರಿಯಂಟ್ಸ್’ ಎರಡೂ ಆನ್ ಮಾಡಿ. ಎಲ್ಲ ಬಗೆಯದ್ದೂ ಕಟ್ಟಿಕೊಂಡು ಓಡುವಾಗ ಸರಿಯಾದದ್ದನ್ನು ಎತ್ತಿಕೊಳ್ಳುತ್ತೆ. ಹಂಚಿಕೊಂಡ ಶೇರ್‌ಗೆ ಎರಡನೆಯದೇ ಮೇಲು.

ಶಿರಾ_ಗೇಟ್

ಈಗ ವಿ2, ವಿ3 ಎರಡೂ ಬಿಲ್ಡ್ ಆಗಿವೆ, ಲೈಬ್ರರಿ ಜೋಡಿಯಾಗಿ. ಸ್ಕ್ರಿಪ್ಟ್ ಆರಿಸುತ್ತಿದೆ. ವಿ2 ಬೈನರಿಯಲ್ಲಿ ಎವಿಎಕ್ಸ್ ಉಳಿದಿಲ್ಲ ಅಂತ ಖಾತ್ರಿಗೆ `ಆಬ್ಜ್‌ಡಂಪ್ -ಡಿ` ಹಾಕಿ ‘ವೈಎಂಎಂ’ (ಎವಿಎಕ್ಸ್‌ನ ಅಗಲದ ರಿಜಿಸ್ಟರ್) ಅಂತ ಎಣಿಸಿದೆ, ಸೊನ್ನೆ ಬಂತು. ಸಾಕಾ?

ಕ್ಯಾತ್ಸಂದ್ರ

ಸಾಲದು ಸರ್. ಎವಿಎಕ್ಸ್ ಕೋಡ್ ವೈಎಂಎಂ ರಿಜಿಸ್ಟರ್ ಮುಟ್ಟದೆಯೂ ಇರಬಹುದು. ಒಂದೇ ದಶಮಾಂಶ ಸಂಖ್ಯೆಯ ಗುಣಾಕಾರಕ್ಕೆ ‘ವಿಮಲ್‌ಎಸ್‌ಡಿ’ ಅಂತ ಎಕ್ಸ್‌ಎಂಎಂ ರಿಜಿಸ್ಟರನ್ನೇ ಬಳಸುತ್ತೆ, ಅದೂ ಜಿ4400ರಲ್ಲಿ ಓಡಲ್ಲ. ‘ವಿ’ಯಿಂದ ಶುರುವಾಗುವ ‘ವಿಮೂವ್’, ‘ವಿಮಲ್’, ‘ವಿಆ್ಯಡ್’, ‘ವಿಎಫ್‌ಎಂ’ ಇವನ್ನೂ, ಬಿಎಂಐ2ಗೆ ‘ಎಸ್‌ಎಚ್‌ಎಲ್‌ಎಕ್ಸ್’, ‘ಎಸ್‌ಎಚ್‌ಆರ್‌ಎಕ್ಸ್’ ಇವನ್ನೂ, ಜೊತೆಗೆ ಎಲ್‌ಜೆಡ್‌ಕೌಂಟನ್ನೂ ಹುಡುಕಿ. ಬೈನರಿ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿದ್ದರೆ ಜಿಲಿಬ್‌ಸಿಯ ಮೆಮ್‌ಕಾಪಿ ಒಳಗೆ ವೈಎಂಎಂ ಸಿಗುತ್ತೆ. ಅದು ಪ್ರೊಸೆಸರ್ ನೋಡಿಕೊಂಡೇ ಕರೆಯುವ ಕೋಡ್, ಬಿಟ್ಟುಬಿಡಿ.

ಆಮೇಲೂ ಯಾವುದಾದರೂ ಮೆಷಿನ್‌ನಲ್ಲಿ ಸತ್ತರೆ `ಡಿಮೆಸೇಜ್`ನಲ್ಲಿ ‘ಟ್ರ್ಯಾಪ್ ಇನ್‌ವ್ಯಾಲಿಡ್ ಆಪ್‌ಕೋಡ್’ ಸಾಲು ಯಾವ ಫೈಲ್‌ನದ್ದು ಅಂತ ಹೇಳುತ್ತೆ, ಬೈನರಿಯದೋ ಲೈಬ್ರರಿಯದೋ. ಜಿಡಿಬಿಯಲ್ಲಿ ಓಡಿಸಿ, ನಿಂತ ಕಡೆ `ಎಕ್ಸ್/ಐ $ಪಿಸಿ` ಕೊಟ್ಟರೆ ಸತ್ತ ಇನ್‌ಸ್ಟ್ರಕ್ಷನ್ ಯಾವುದು ಅಂತ ಕಾಣುತ್ತೆ.

ಶಿರಾ_ಗೇಟ್

ಎಲ್ಲ ಹುಡುಕಿದೆ. ನಮ್ಮ ಲೈಬ್ರರಿಯ ಒಂದೇ ಒಂದು ಆಬ್ಜೆಕ್ಟ್ ಫೈಲ್‌ನಲ್ಲಿ ‘ಎಸ್‌ಎಚ್‌ಎಲ್‌ಎಕ್ಸ್’ ಸಿಕ್ಕಿತು. ಮೇಕ್ ಕ್ಲೀನ್ ಆಗದೆ ಉಳಿದಿದ್ದ ಹಳೇ ಫೈಲ್. ಅಳಿಸಿ ಮತ್ತೆ ಕಟ್ಟಿದ ಮೇಲೆ ಎಲ್ಲ ಎಣಿಕೆಯೂ ಸೊನ್ನೆ. 31ರಲ್ಲೂ ಓಡುತ್ತಿದೆ.